ಒಂದೇ ಕುರಿ ಸಾಕಿದವರಿಗೂ ಒಳ್ಳೆ ಟಗರು ಬೇಕು

ಸಂಪಾದಕರೇ,

ವರ್ಷತೊಡಕು, ಬಕ್ರೀದ್ ಹತ್ತಿರ ಬಂತು ಅಂದರೆ ಪತ್ರಿಕೆಗಳಲ್ಲಿ ಬಂಡೂರು ಟಗರಿನ ಫೋಟೊ ಬರುತ್ತದೆ. ಕೊರಳಿಗೆ ಹೂವಿನ ಹಾರ, ಪಕ್ಕದಲ್ಲಿ ಮೀಸೆ ತಿರುವಿಕೊಂಡು ನಿಂತ ಮಾಲೀಕರು, ಕೆಳಗೆ ಲಕ್ಷದ ಲೆಕ್ಕದಲ್ಲಿ ಬೆಲೆ. ಓದುವುದಕ್ಕೆ ನಮಗೂ ಖುಷಿಯೇ, ನಮ್ಮ ಮಂಡ್ಯ ಜಿಲ್ಲೆಯ ತಳಿಯ ಹೆಸರಲ್ವಾ. ಆದರೆ ಆ ಫೋಟೊ ನೋಡಿದಾಗಲೆಲ್ಲ ನನ್ನ ತಲೆಗೆ ಬರುವುದು ಒಂದೇ ಪ್ರಶ್ನೆ. ಅಷ್ಟು ಚೆನ್ನಾಗಿರುವ ಟಗರು ಸಂತೆಗೆ ಹೋಗುವ ಮೊದಲು ಎಷ್ಟು ಕುರಿಗೆ ಮರಿ ಕೊಟ್ಟು ಹೋಯಿತು?

ಕೇಳುವುದಕ್ಕೆ ಕಾರಣ ಇದೆ. ನಮ್ಮ ಮನೆಯಲ್ಲಿ ಒಂದು ಹೆಣ್ಣು ಕುರಿ ಇದೆ, ಸಣ್ಣಿ ಅಂತ ಹೆಸರು. ಹಿಂಡಿಲ್ಲ, ರೊಪ್ಪ ಇಲ್ಲ, ಇರುವುದು ಅದೊಂದೇ. ಮಳವಳ್ಳಿ, ಮದ್ದೂರು, ಬನ್ನೂರು ಸುತ್ತ ಈಗ ಇಂಥ ಮನೆಗಳು ಕಮ್ಮಿಯೇನಿಲ್ಲ. ಮಕ್ಕಳ ಆಸೆಗೆ ಅಂತ ತಂದದ್ದು, ತಾಯಿ ಸತ್ತ ಮರಿ ಅಂತ ಯಾರೋ ಕೊಟ್ಟದ್ದು, ಹರಕೆಗೆ ಅಂತ ತಂದು ಆಮೇಲೆ ಮನಸ್ಸು ಬಾರದೆ ಉಳಿಸಿಕೊಂಡದ್ದು, ಹೀಗೆ ಒಂದೊಂದು ಕುರಿಗೂ ಒಂದೊಂದು ಕಥೆ. ಅದು ಬೆಳೆದು ಒಂದು ವರ್ಷ ದಾಟಿದ ಮೇಲೆ ಮನೆಯಲ್ಲಿ ಮಾತು ಶುರುವಾಗುತ್ತದೆ, ಒಂದು ಮರಿ ಹಾಕಿಸೋಣವಾ ಅಂತ.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಮರಿ ಹಾಕಿಸದಿದ್ದರೆ ಕುರಿಗೆ ಕಾಯಿಲೆ ಬರುತ್ತೆ ಅಂತ ಊರಲ್ಲಿ ಹತ್ತು ಜನ ಹೇಳುತ್ತಾರೆ. ಹಾಗೇನಿಲ್ಲ. ಟಗರು ತೋರಿಸದೆ ಸಾಕಿದರೂ ಅದು ಚೆನ್ನಾಗಿಯೇ ಇರುತ್ತದೆ. ಬೇಕು ಅಂತ ನಿಮಗೆ ಅನ್ನಿಸಿದರೆ ಮಾತ್ರ ಹಾಕಿಸಿ, ಪಕ್ಕದ ಮನೆಯವರ ಮಾತಿಗೆ ಬೇಡ. ಹಾಕಿಸುವುದಾದರೆ ಆತುರವೂ ಬೇಡ. ನಮ್ಮ ತಳಿಯ ಹೆಣ್ಣು ಕುರಿ ಪೂರ್ತಿ ಬೆಳೆದಾಗ ಸುಮಾರು 25 ಕೆಜಿ ತೂಗುತ್ತದೆ, ಟಗರು 35 ಕೆಜಿ ಆಸುಪಾಸು. ಆ ತೂಕದಲ್ಲಿ ಮೂರರಲ್ಲಿ ಎರಡು ಭಾಗವನ್ನಾದರೂ ಕುರಿ ಮುಟ್ಟಿರಬೇಕು. ಕುರಿ ಬಲ್ಲ ಹಿರಿಯರು ತಕ್ಕಡಿ ಹುಡುಕುವುದಿಲ್ಲ, ಬಾಯಿ ಬಿಡಿಸಿ ನೋಡುತ್ತಾರೆ. ಮುಂದಿನ ಎರಡು ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಎದ್ದಿದ್ದರೆ ಒಂದು ವರ್ಷ ದಾಟಿದೆ ಅಂತ ಅರ್ಥ. ಅಲ್ಲಿಯವರೆಗೆ ಕಾದರೆ ಮೊದಲ ಹೆರಿಗೆಯ ಅರ್ಧ ತಾಪತ್ರಯ ಕಳೆದ ಹಾಗೆ.

ಕಷ್ಟ ಶುರುವಾಗುವುದು ಇದಾದ ಮೇಲೆ. ಹಸುವಾದರೆ ಬೆದೆಗೆ ಬಂತು ಅಂತ ಒಂದು ಫೋನ್ ಮಾಡಿದರೆ ಸಾಕು, ಬೈಕಿನಲ್ಲಿ ವೀರ್ಯ ಇಟ್ಟ ಸಾರಜನಕದ ಕ್ಯಾನ್ ಕಟ್ಟಿಕೊಂಡು ಬಂದು ಗಬ್ಬದ ಇಂಜೆಕ್ಷನ್ ಕೊಟ್ಟು ಹೋಗುತ್ತಾರೆ. ಕುರಿಗೆ ಹಾಗೆ ಆಗುವುದಿಲ್ಲ. ಕುರಿಯ ಗರ್ಭಕೋಶದ ಬಾಯಿ ಒಳಗೆ ಸುತ್ತಿ ಸುತ್ತಿ ಇರುವುದರಿಂದ ಹಸುವಿಗೆ ಹಾಕಿದ ಹಾಗೆ ನಳಿಗೆ ಹಾಕಲು ಬರುವುದಿಲ್ಲ, ಶೈತ್ಯದಲ್ಲಿಟ್ಟ ವೀರ್ಯವೂ ಆ ದಾರಿಯಲ್ಲಿ ಸರಿಯಾಗಿ ಫಲಿಸುವುದಿಲ್ಲ. ಹೊಟ್ಟೆಗೆ ಸಣ್ಣ ತೂತು ಮಾಡಿ ಕೊಳವೆ ಇಳಿಸುವ ವಿಧಾನ ಇದೆ, ಆದರೆ ಅದು ಮನೆಯ ಹಿತ್ತಲಲ್ಲಿ ಮಾಡುವ ಕೆಲಸ ಅಲ್ಲ. ಹಾಗಾಗಿ ಟಗರೇ ಬೇಕು, ಬೇರೆ ದಾರಿ ಇಲ್ಲ.

ಟಗರು ಎಲ್ಲಿದೆ ಅಂತ ಕೇಳಲು ಒಂದು ಪಶು ಆಸ್ಪತ್ರೆಗೆ ಹೋದೆ. ಅಲ್ಲಿದ್ದವರು ಕೆಟ್ಟವರೇನಲ್ಲ, ಆದರೆ 'ಒಂದು ಕುರಿಗಾ?' ಅಂತ ನಕ್ಕರು. ಯೋಜನೆಗಳ ಲೆಕ್ಕವೆಲ್ಲ ಇಪ್ಪತ್ತು ಕುರಿ ಒಂದು ಟಗರು ಅಂತಲೋ, ಹತ್ತಕ್ಕೆ ಒಂದು ಅಂತಲೋ ಇರುತ್ತದೆ. ಒಂದೇ ಕುರಿ ಇರುವವರು ಯಾವ ಕಾಲಂಗೂ ಸೇರುವುದಿಲ್ಲ. ಹಿಂಡು ಇಟ್ಟವರ ಹತ್ತಿರ ಹೋದರೆ 'ನಮ್ಮ ಒಳ್ಳೆ ಟಗರು ಹಬ್ಬಕ್ಕೆ ಹೋಯ್ತಲ್ಲ ಸಾರ್, ಇದು ಉಳಿದಿರೋದು' ಅಂತ ಮೂಲೆಯಲ್ಲಿದ್ದ ಸಣಕಲು ಟಗರನ್ನು ತೋರಿಸಿದರು.

ನಾನು ಹೇಳಬೇಕೆಂದಿರುವುದು ಇದನ್ನೇ. ಯುಗಾದಿ ಮಾರನೇ ದಿನ ವರ್ಷತೊಡಕು. ಬಕ್ರೀದ್ ಪ್ರತಿ ವರ್ಷ ಹನ್ನೊಂದು ದಿನದಷ್ಟು ಹಿಂದಕ್ಕೆ ಸರಿಯುತ್ತಾ ಈಗ ಮೇ, ಜೂನ್ ಕಡೆ ಬಂದು ನಿಂತಿದೆ. ನಮ್ಮ ಕಡೆ ಮಳೆ ಬಿದ್ದು ಮೇವು ಚಿಗುರಿ ಕುರಿಗಳು ಮೈತುಂಬಿಕೊಂಡು ಬೆದೆಗೆ ಬರುವುದು ಅದಾದ ಮೇಲೆ. ಅಂದರೆ ಟಗರು ಬೇಕಾಗುವ ಹೊತ್ತಿಗೆ ಸರಿಯಾಗಿ ಒಳ್ಳೆ ಟಗರು ಒಂದೂ ಉಳಿದಿರುವುದಿಲ್ಲ. ಅಗಲ ಎದೆ, ಗಿಡ್ಡ ಕಾಲು, ಹಿಂದಿನಿಂದ ನೋಡಿದರೆ ಬೋರಲು ಹಾಕಿದ ಲಾಳದ ಹಾಗೆ ತುಂಬಿದ ತೊಡೆ, ಇಷ್ಟೂ ಇರುವ ಟಗರಿಗೆ ಮೊದಲು ಗಿರಾಕಿ ಬರುತ್ತಾನೆ. ಯಾರಿಗೂ ಬೇಡವಾದದ್ದು ತಂದೆಯಾಗುತ್ತದೆ. ಇದನ್ನು ವರ್ಷ ವರ್ಷ ಮಾಡುತ್ತಾ ಬಂದರೆ ತಳಿ ಏನಾಗಬೇಕು ಹೇಳಿ. ಮಾರುವವರನ್ನು ಬೈಯುವುದಿಲ್ಲ, ಕೊಳ್ಳುವವರನ್ನಂತೂ ಮೊದಲೇ ಇಲ್ಲ. ಕುರಿ ಸಾಕುವುದೇ ನಾಲ್ಕು ಕಾಸಿಗೆ. ಆ ಟಗರನ್ನು ಒಂದು ವರ್ಷ ಜಾಸ್ತಿ ಇಟ್ಟುಕೊಂಡರೆ ಅವರಿಗೇನು ಸಿಗುತ್ತದೆ ಅನ್ನುವುದನ್ನು ಯಾರೂ ಯೋಚಿಸಿಲ್ಲ, ಅಷ್ಟೇ.

ಒಳ್ಳೆಯದು ಸಿಗದಿದ್ದಾಗ ಜನ ಏನು ಮಾಡುತ್ತಾರೆ? ಸಿಕ್ಕಿದ್ದನ್ನು ಬಿಡುತ್ತಾರೆ. ಉತ್ತರ ಕರ್ನಾಟಕದ ಕಡೆಯಿಂದ ಬರುವ ದೊಡ್ಡ ದೊಡ್ಡ ಕುರಿ ಈಗ ನಮ್ಮ ಸಂತೆಗಳಲ್ಲೂ ಇವೆ. ಕೆಂಗುರಿ, ಯಳಗ ಎಲ್ಲ ಅವುಗಳ ಊರಿಗೆ ಒಳ್ಳೆಯ ತಳಿಗಳೇ. ಆದರೆ ಎತ್ತರದ, ಭಾರದ ಟಗರನ್ನು ಗಿಡ್ಡ ಬಂಡೂರು ಕುರಿಗೆ, ಅದೂ ಮೊದಲ ಸಲದ ಕುರಿಗೆ ಬಿಟ್ಟರೆ ಮರಿ ದೊಡ್ಡದಾಗಿ ಈಯುವಾಗ ಸಿಕ್ಕಿಕೊಳ್ಳುವ ಭಯ ಇರುತ್ತದೆ. ಬಂಡೂರು ಕುರಿ ಸಾಮಾನ್ಯವಾಗಿ ಹಾಕುವುದೇ ಒಂದು ಮರಿ, ಅದೂ ಎರಡು ಕೆಜಿ ಆಸುಪಾಸಿನದ್ದು. ಆ ಮೈಗೆ ಆ ಅಳತೆ. ಇನ್ನು ಕೆಲವರು ಮನೆಯಲ್ಲೇ ಜೊತೆಗೆ ಬೆಳೆದ ಅಣ್ಣನನ್ನೋ ಹೆತ್ತ ಮಗನನ್ನೋ ಬಿಡುತ್ತಾರೆ. ಅದು ಬೇಡವೇ ಬೇಡ. ಒಂದು ಮರಿ ಚೆನ್ನಾಗಿ ಬಂದರೂ ಬರಬಹುದು, ಆದರೆ ಹೀಗೆ ಮುಂದುವರಿದರೆ ಕುಂಟು, ಕುರುಡು, ಬೆಳೆಯದ ಮರಿಗಳ ಸಾಲೇ ನಿಲ್ಲುತ್ತದೆ.

ಟಗರು ನೋಡುವಾಗ ಬೆಲೆ, ಅಂದ ಎರಡನ್ನೂ ಪಕ್ಕಕ್ಕಿಡಿ. ಬಗ್ಗಿ ನೋಡಿ. ಎರಡು ಬೀಜವೂ ಕೆಳಗಿಳಿದಿರಬೇಕು, ಒಂದೇ ಸಮ ಇರಬೇಕು, ಮುಟ್ಟಿದರೆ ಗಟ್ಟಿಯಾಗಿರಬೇಕು, ಗಂಟು ಇರಬಾರದು. ಕಾಲು ಕುಂಟಬಾರದು, ಏಕೆಂದರೆ ಹಿಂಗಾಲು ನೋವಿರುವ ಟಗರು ಹಾರುವುದೇ ಇಲ್ಲ. ಕೆಳಗಿನ ಹಲ್ಲು ಮೇಲಿನ ಒಸಡಿಗೆ ಸರಿಯಾಗಿ ಕೂರಬೇಕು. ಆ ಟಗರು ಇರುವ ಹಿಂಡಿನಲ್ಲಿ ಕುರಿಗಳು ಕಂದು ಹಾಕಿದ್ದುಂಟಾ, ಅಂದರೆ ತಿಂಗಳು ತುಂಬುವ ಮೊದಲೇ ಮರಿ ಬಿದ್ದದ್ದುಂಟಾ ಅಂತ ಕೇಳಿ. ಉಂಟು ಅಂದರೆ ಬ್ರುಸೆಲ್ಲಾ ಪರೀಕ್ಷೆ ಮಾಡಿಸದೆ ಹತ್ತಿರ ಬಿಡಬೇಡಿ, ಅದು ಮನುಷ್ಯರಿಗೂ ಅಂಟುವ ಕಾಯಿಲೆ. ನಮಗೆ ಕೊನೆಗೆ ಕಿರುಗಾವಲು ಕಡೆಯ ಒಬ್ಬರು ಹಬ್ಬಕ್ಕೆ ಕೊಡದೆ ಉಳಿಸಿಕೊಂಡ ಟಗರು ಸಿಕ್ಕಿತು. ಅವರಿಗೆ ದೊಡ್ಡ ನಮಸ್ಕಾರ.

ಮುದ್ದಿನ ಕುರಿಯ ವಿಷಯದಲ್ಲಿ ಇನ್ನೊಂದು ತಮಾಷೆ ಇದೆ. ಬಾಟಲಿ ಹಾಲು ಕುಡಿದು ಮನುಷ್ಯರ ನಡುವೆ ಬೆಳೆದ ಕುರಿಗೆ ತಾನು ಕುರಿ ಅನ್ನುವುದೇ ಗೊತ್ತಿರುವುದಿಲ್ಲ. ಟಗರನ್ನು ಹಿತ್ತಲಿಗೆ ತಂದು ಬಿಟ್ಟಾಗ ಸಣ್ಣಿ ನೇರ ಅಡುಗೆಮನೆ ಬಾಗಿಲಿಗೆ ಓಡಿ ನನ್ನ ಹೆಂಡತಿಯ ಸೀರೆ ನೆರಿಗೆಯೊಳಗೆ ತಲೆ ತೂರಿಸಿ ನಿಂತಿತು. ಟಗರು ಪಾಪ ಹಿಂದೆ ಹಿಂದೆ ಬಂದು, ಅದು ಉಚ್ಚೆ ಹೊಯ್ದ ಜಾಗ ಮೂಸಿ, ಮೇಲ್ದುಟಿ ಸುರುಟಿಸಿಕೊಂಡು ಆಕಾಶ ನೋಡಿತು, ಮುಂಗಾಲಿನಿಂದ ಪಕ್ಕೆಗೆ ಮೆಲ್ಲಗೆ ತಟ್ಟಿತು, ಗುರ್‌ಗುರ್ ಅಂತ ಗಂಟಲಲ್ಲೇ ಏನೋ ಹೇಳಿತು. ಸಣ್ಣಿ ಕೇಳಿದರಲ್ಲವೇ. ಇಂಥ ಕುರಿಗೆ ಜೊತೆಯಲ್ಲಿ ಮೇಯಲು, ಮಲಗಲು ಪುರುಸೊತ್ತು ಕೊಡಬೇಕು. ಬೆದೆ ಬರುವುದು 16-17 ದಿನಕ್ಕೊಮ್ಮೆ, ಇರುವುದು ಒಂದು ಒಂದೂವರೆ ದಿನ ಅಷ್ಟೇ. ಹಸುವಿನ ಹಾಗೆ ಕೂಗಿ ಊರಿಗೆಲ್ಲ ಹೇಳುವುದಿಲ್ಲ. ಟಗರು ಹತ್ತಿರ ಇಲ್ಲದಿದ್ದರೆ ನಮ್ಮ ಕಣ್ಣಿಗಂತೂ ಬೀಳುವುದೇ ಇಲ್ಲ. ಆದ್ದರಿಂದ ಒಂದು ದಿನ ಕರೆತಂದು ಸಂಜೆಗೆ ವಾಪಸ್ ಕಳಿಸುವ ಕೆಲಸ ಬೇಡ. ಎರಡು ಬೆದೆ ಮುಗಿಯುವ ತನಕ, ಅಂದರೆ ಐದು ವಾರ, ಜೊತೆಯಲ್ಲಿರಲಿ.

ಟಗರು ಕೊಟ್ಟ ಆ ಯಜಮಾನರೇ ಒಂದು ಉಪಾಯ ಹೇಳಿಕೊಟ್ಟರು. ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಟಗರಿನ ಎದೆಗೆ ಹಚ್ಚುವುದು. ಹಾರಿದ್ದರೆ ಕುರಿಯ ಸೊಂಟದ ಮೇಲೆ ಕೆಂಪು ಹತ್ತಿರುತ್ತದೆ. ಆ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹದಿನೇಳು ದಿನದ ಆಸುಪಾಸಿನಲ್ಲಿ ಮತ್ತೆ ಹೊಸ ಬಣ್ಣ ಕಂಡರೆ ಗಬ್ಬ ನಿಂತಿಲ್ಲ ಅಂತ ಲೆಕ್ಕ, ಕಾಣದಿದ್ದರೆ ನಿಂತಿರಬಹುದು. ಖಚಿತ ಬೇಕಾದರೆ ಎರಡು ತಿಂಗಳು ಕಳೆದ ಮೇಲೆ ಸ್ಕ್ಯಾನಿಂಗ್ ಇರುವ ಕಡೆ ತೋರಿಸಬಹುದು.

ಗಬ್ಬದ ಅವಧಿ ಸುಮಾರು 147 ದಿನ, ಐದು ತಿಂಗಳಿಗೆ ನಾಲ್ಕೈದು ದಿನ ಕಮ್ಮಿ. ಗೌರಿ ಹಬ್ಬದ ಹೊತ್ತಿಗೆ ನಿಂತರೆ ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಈಯುತ್ತದೆ. ನಮ್ಮ ಕಡೆಗೆ ಇದೇ ಒಳ್ಳೆಯ ಲೆಕ್ಕ ಅನ್ನುವುದು ನನ್ನ ಅಭಿಪ್ರಾಯ. ಭತ್ತ, ರಾಗಿ ಒಕ್ಕಣೆಯಾಗಿ ಹುಲ್ಲು ಮನೆಗೆ ಬಂದಿರುತ್ತದೆ, ಹುರುಳಿ, ಅವರೆ ಹೊಟ್ಟು ಸಿಗುತ್ತದೆ, ಕೆಸರಿಲ್ಲ, ಮಳೆಗಾಲದಷ್ಟು ಜಂತುಹುಳುವಿನ ಕಾಟವೂ ಇರುವುದಿಲ್ಲ.

ಮೇವಿನ ವಿಷಯಕ್ಕೆ ಬಂದರೆ, ಮುದ್ದಿನ ಕುರಿಗಳು ಹಸಿವಿನಿಂದ ಕೆಡುವುದಿಲ್ಲ, ಪ್ರೀತಿಯಿಂದ ಕೆಡುತ್ತವೆ. ಬಿಸ್ಕೆಟ್, ಚಪಾತಿ, ಮಿಕ್ಕ ಅನ್ನ, ಮುದ್ದೆ, ಹಬ್ಬದ ಒಬ್ಬಟ್ಟು, ಬಂದವರೆಲ್ಲ ಒಂದೊಂದು ತುತ್ತು. ಅನ್ನ, ಕಾಳು ಜಾಸ್ತಿಯಾದರೆ ಹೊಟ್ಟೆ ಹುಳಿಯಾಗಿ ಒಂದೇ ದಿನದಲ್ಲಿ ಕುರಿ ಸಾಯುವುದುಂಟು. ಮದುವೆ ಮನೆಯ ಊಟ ಸುರಿದು ಕುರಿ ಕಳೆದುಕೊಂಡವರು ಪ್ರತಿ ಊರಲ್ಲೂ ಇದ್ದಾರೆ. ಗಬ್ಬದ ಕುರಿ ಕೊಬ್ಬಿದರೆ ಇನ್ನೊಂದು ತೊಂದರೆ. ಕೊನೆಯ ಆರು ವಾರದಲ್ಲಿ ಮರಿ ಮುಕ್ಕಾಲು ಪಾಲು ಬೆಳೆಯುತ್ತದೆ, ಒಳಗೆ ಕೊಬ್ಬು, ಮರಿ ಎರಡೂ ಸೇರಿ ಹೊಟ್ಟೆಗೆ ಜಾಗ ಇರುವುದಿಲ್ಲ, ತಿನ್ನುವುದು ಕಮ್ಮಿಯಾಗುತ್ತದೆ, ಮೈಯ ಕೊಬ್ಬೇ ಕರಗಿ ವಿಷವಾಗುತ್ತದೆ. ಮೇವು ಬಿಟ್ಟು, ಹಲ್ಲು ಕಡಿಯುತ್ತಾ, ಕಣ್ಣು ಕಾಣದ ಹಾಗೆ ಗೋಡೆಗೆ ತಲೆ ಒತ್ತಿ ನಿಂತರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಡಾಕ್ಟರಿಗೆ ಹೇಳಿ. ಬೆನ್ನಿನ ಮೇಲೆ ಕೈಯಾಡಿಸಿ ನೋಡುತ್ತಿರಿ, ಬೆನ್ನೆಲುಬು ಒತ್ತಿದರೆ ಸಿಗಬೇಕು, ಚುಚ್ಚಬಾರದು. ಮೊದಲ ಮೂರು ತಿಂಗಳು ಮಾಮೂಲಿ ಮೇವೇ ಸಾಕು. ಕೊನೆಯ ಆರು ವಾರ ಮಾತ್ರ ಸ್ವಲ್ಪ ಸ್ವಲ್ಪವೇ ಹಿಂಡಿ, ಬೂಸಾ, ಜೊತೆಗೆ ಅಗಸೆ, ನುಗ್ಗೆ, ಹಿಪ್ಪುನೇರಳೆ ಸೊಪ್ಪು. ರೇಷ್ಮೆ ಮಾಡುವವರ ಹತ್ತಿರ ಮಿಕ್ಕ ಸೊಪ್ಪು ಸಿಗುತ್ತದೆ, ಔಷಧಿ ಹೊಡೆದಿದ್ದಾರಾ ಅಂತ ಕೇಳಿ ತನ್ನಿ. ಹಸುವಿಗೆ ತಂದ ಖನಿಜ ಮಿಶ್ರಣ ಹಾಕಬೇಡಿ. ಅದರಲ್ಲಿರುವ ತಾಮ್ರ ಹಸುವಿಗೆ ಸರಿ, ಕುರಿಗೆ ಜಾಸ್ತಿ.

ಔಷಧಿ ಅಂಗಡಿಯಿಂದ ಜಂತಿನ ಮಾತ್ರೆ ನೀವೇ ತಂದು ಹಾಕುವ ಅಭ್ಯಾಸವನ್ನೂ ಬಿಡಿ. ಆಲ್ಬೆಂಡಜೋಲ್ ಗಬ್ಬದ ಮೊದಲ ತಿಂಗಳಲ್ಲಿ ಕೊಟ್ಟರೆ ಮರಿಗೆ ಊನವಾಗಬಹುದು. ಈಯುವುದಕ್ಕೆ ಸುಮಾರು ಒಂದು ತಿಂಗಳು ಮೊದಲು ಕರುಳುಬೇನೆ ಲಸಿಕೆ ಹಾಕಿಸಿದರೆ ಅದರ ಬಲ ಗಿಣ್ಣು ಹಾಲಿನಲ್ಲಿ ಮರಿಗೂ ಹೋಗುತ್ತದೆ.

ಇನ್ನು ಈಯುವ ದಿನ. ಕೆಚ್ಚಲು ಬಿಗಿಯುತ್ತದೆ, ಬಾಲದ ಪಕ್ಕದ ಕಟ್ಟು ಸಡಿಲವಾಗುತ್ತದೆ, ಮೇವು ಬಿಟ್ಟು ನೆಲ ಕೆರೆಯುತ್ತದೆ, ಕೂರುತ್ತದೆ, ಏಳುತ್ತದೆ. ಆಗ ಮನೆಮಂದಿಯೆಲ್ಲ ಸುತ್ತ ನಿಂತು ಮೊಬೈಲ್ ಹಿಡಿಯಬೇಡಿ. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಅವರು ಆ ಕಡೆ ಬರುವುದೇ ಬೇಡ, ಮಾಸು, ನೀರಿನಿಂದ ಅವರಿಗೆ ಅಪಾಯದ ಸೋಂಕು ತಗಲಬಹುದು. ಕೈ ಹಾಕುವವರು ಕೈಗವಸು ಹಾಕಿಕೊಳ್ಳಿ. ಸಣ್ಣಿ ಈದಾಗ ಮೊದಲು ಕಂಡದ್ದು ಎರಡು ಬಿಳಿ ಗೊರಸು, ಮೆತ್ತಗೆ ರಬ್ಬರಿನಂಥವು, ಅದರ ಮೇಲೆ ಒರಗಿದ ಸಣ್ಣ ಮೂತಿ, ಬಾಯಿಂದ ಚೂರು ಹೊರಗೆ ಬಂದ ನಾಲಿಗೆ. ಎರಡು ಮುಂಗಾಲು, ಒಂದು ಮೂತಿ, ಇಷ್ಟು ಕಂಡರೆ ಕೈಕಟ್ಟಿ ಕೂರಬಹುದು. ಒಂದೇ ಕಾಲು, ಬರೀ ತಲೆ, ಬರೀ ಬಾಲ ಕಂಡರೆ, ಇಲ್ಲಾ ನೀರು ಒಡೆದು ಒಂದು ಗಂಟೆ ತಿಣುಕಿದರೂ ಏನೂ ಬಾರದಿದ್ದರೆ 1962ಕ್ಕೆ ಫೋನ್ ಮಾಡಿ. ಸರ್ಕಾರದ ಪಶು ಸಂಜೀವಿನಿ ಗಾಡಿಯ ನಂಬರ್ ಅದು, ಒಂದೇ ಕುರಿ ಇದ್ದರೂ ಕರೆಯಬಹುದು. ಹಗ್ಗ ಕಟ್ಟಿ ಎಳೆಯುವ ಸಾಹಸ ಮಾತ್ರ ಬೇಡ.

ಮರಿ ಬಿದ್ದ ಮೇಲೆ ಮೂಗು, ಬಾಯಿಯ ಲೋಳೆ ತೆಗೆದು ಸುಮ್ನೆ ತಾಯಿ ಮುಂದೆ ಇಡಿ. ಬಿಸಿನೀರು, ಅರಿಶಿನ, ಟವೆಲ್ ಅಂತ ಉಜ್ಜಿ ತೊಳೆದುಬಿಟ್ಟರೆ ಆ ವಾಸನೆ ಹೋಗುತ್ತದೆ, ಆ ವಾಸನೆಯಿಂದಲೇ ಅಲ್ಲವೇ ಅದು ತನ್ನ ಮರಿ ಅಂತ ಗುರುತು ಹಿಡಿಯುವುದು. ಮೊದಲ ಸಲದ ಕುರಿ ಮರಿಯನ್ನು ಕಂಡು ಹೆದರುವುದೂ ಉಂಟು. ಸಣ್ಣ ಜಾಗದಲ್ಲಿ ಇಬ್ಬರನ್ನೇ ಒಂದೆರಡು ದಿನ ಬಿಟ್ಟರೆ ಸರಿಹೋಗುತ್ತದೆ. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಮಾಸು ಬೀಳುವವರೆಗೆ ಹಾಲು ಕುಡಿಸಬಾರದು ಅಂತ ನಮ್ಮ ಕಡೆ ಒಂದು ನಂಬಿಕೆ ಇದೆ, ದಯವಿಟ್ಟು ಅದನ್ನು ಕೇಳಬೇಡಿ. ಮೊಲೆಯ ತುದಿಯಲ್ಲಿ ಮೇಣದಂಥ ಬಿರಡೆ ಇರುತ್ತದೆ, ಒಂದು ಸಲ ಹಿಂಡಿ ತೆಗೆದು ಮರಿಯನ್ನು ಬಾಯಿಗೆ ಹಿಡಿಸಿ. ಗಿಣ್ಣು ಮೊದಲ ಒಂದೆರಡು ಗಂಟೆಯೊಳಗೆ ಹೊಟ್ಟೆಗೆ ಹೋಗಬೇಕು. ಎರಡು ಕೆಜಿ ಮರಿಗೆ ಮೊದಲ ದಿನಕ್ಕೆ 200 ಮಿಲಿಯಷ್ಟಾದರೂ ಬೇಕು. ಮಾಸು ಅದರ ಪಾಡಿಗೆ ಬೀಳುತ್ತದೆ, ಹನ್ನೆರಡು ಗಂಟೆಯಾದರೂ ಬೀಳದಿದ್ದರೆ ಡಾಕ್ಟರಿಗೆ ತೋರಿಸಿ, ಎಳೆಯಬೇಡಿ.

ಯಾರೂ ಮೊದಲೇ ಯೋಚಿಸದ ವಿಷಯ ಒಂದಿದೆ. ಹುಟ್ಟುವುದು ಗಂಡಾದರೆ? ಅರ್ಧಕ್ಕರ್ಧ ಗಂಡೇ ಹುಟ್ಟುತ್ತದೆ. ಐದನೇ ತಿಂಗಳಿಗೆಲ್ಲ ಅದು ತಾಯಿಯ ಮೇಲೇ ಹಾರುವಷ್ಟು ಬೆಳೆದಿರುತ್ತದೆ, ಅಷ್ಟರೊಳಗೆ ಬೇರೆ ಕಟ್ಟಬೇಕು. ಮಕ್ಕಳು ಹಣೆಗೆ ಕೈಯೊಡ್ಡಿ ಗುದ್ದಾಟ ಆಡಿಸುತ್ತಾರೆ, ಮರಿಯಾಗಿದ್ದಾಗ ನೋಡಲು ಚೆಂದ. ಮನುಷ್ಯರ ಭಯವೇ ಇಲ್ಲದೆ ಬೆಳೆದ ಟಗರು ವರ್ಷದ ಮೇಲೆ ಅದೇ ಆಟವನ್ನು ಅಜ್ಜಿಯ ಮಂಡಿಯ ಮೇಲೆ ಆಡುತ್ತದೆ. ಬೀಜ ಒಡೆಸುತ್ತೀರೋ, ಮಾರುತ್ತೀರೋ, ಟಗರಾಗಿಯೇ ಇಡುತ್ತೀರೋ, ಕೆಮ್ಮಣ್ಣು ಕಲಸುವ ಮೊದಲೇ ಮನೆಯವರೆಲ್ಲ ಕೂತು ಮಾತಾಡಿಕೊಳ್ಳಿ.

ಇಲಾಖೆಯವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಬಂಡೂರು ಇರುವುದು ನಮ್ಮ ಮಳವಳ್ಳಿ ತಾಲ್ಲೂಕಿನಲ್ಲೇ, ಇದೇ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರದ್ದೇ ಕುರಿ ಸಂವರ್ಧನಾ ಕೇಂದ್ರ ಇದೆ, ಸರ್ಕಾರದ ತಳಿ ಪಟ್ಟಿಯಲ್ಲಿ ಈ ಕುರಿ 'ಮಂಡ್ಯ' ಅಂತಲೇ ಇದೆ. ಇಷ್ಟಿದ್ದೂ ಒಂದು ಹೆಣ್ಣು ಕುರಿಗೆ ಟಗರು ಹುಡುಕಲು ಸಂತೆ ಸಂತೆ ಸುತ್ತಬೇಕಾ? ಪ್ರತಿ ಪಶು ಆಸ್ಪತ್ರೆಯಲ್ಲಿ ಒಂದು ಪುಸ್ತಕ ಇಡಲಿ. ಯಾರ ಮನೆಯಲ್ಲಿ ಟಗರಿದೆ, ವಯಸ್ಸೆಷ್ಟು, ಡಾಕ್ಟರು ಯಾವಾಗ ನೋಡಿದರು, ಕಾಯಿಲೆ ಪರೀಕ್ಷೆ ಆಗಿದೆಯಾ, ಅಷ್ಟು ಬರೆದರೆ ಸಾಕು. ಹಬ್ಬಕ್ಕೆ ಮಾರದೆ ಒಂದು ಒಳ್ಳೆ ಟಗರನ್ನು ದೀಪಾವಳಿ ತನಕ ಉಳಿಸಿಕೊಂಡವರಿಗೆ ಮೇವಿನ ಖರ್ಚಾದರೂ ಕೊಡಲಿ. ಕುರಿ ತಂದವರೂ ಬಿಟ್ಟಿ ಕೇಳುವುದು ಬೇಡ, ಹಸುವಿನ ಇಂಜೆಕ್ಷನ್‌ಗೆ ಕೊಡುವುದಿಲ್ಲವೇ, ಹಾಗೆ ಒಂದಿಷ್ಟು ಕೊಡೋಣ.

ಸಣ್ಣಿ ಹಾಕಿರುವುದು ಗಂಡು ಮರಿ. ತಾಯಿ ಹಾಲನ್ನೇ ಕುಡಿದು ಬೆಳೆಯುತ್ತಿದೆ, ಹಿಂಭಾಗ ಈಗಲೇ ಚೆನ್ನಾಗಿ ತುಂಬಿದೆ. ಡಾಕ್ಟರು ನೋಡಿ ಸರಿ ಅಂದರೆ ಮುಂದಿನ ವರ್ಷದ ಗೌರಿ ಹಬ್ಬದ ಹೊತ್ತಿಗೆ ಅದು ಎರಡು ಹಲ್ಲಿನ ಟಗರಾಗಿರುತ್ತದೆ. ಆ ಪುಸ್ತಕ ಬಂದರೆ ಮೊದಲು ಅದರ ಹೆಸರನ್ನೇ ಬರೆಸುತ್ತೇನೆ. ಬಾರದಿದ್ದರೆ, ಕುರಿ ಇರುವವರು ನೇರವಾಗಿ ಕೇಳಬಹುದು, ನನ್ನ ವಿಳಾಸ ಸಂಪಾದಕರ ಹತ್ತಿರ ಇದೆ. ಐದು ವಾರದ ಮೇವು ಮಾತ್ರ ನೀವೇ ತನ್ನಿ.

— ಒಬ್ಬ ಓದುಗ, ಮಳವಳ್ಳಿ ತಾಲ್ಲೂಕು, ಮಂಡ್ಯ ಜಿಲ್ಲೆ